ಎರಡನೇ ಗೇರಿನ ಶ್ರುತಿ

ಮಂಗಳೂರಿನ ಬೋಳಾರದಲ್ಲಿ ದಾಮೋದರ ಶೆಟ್ಟಿಗಾರ ಎಂಬ ಮೆಕ್ಯಾನಿಕ್ ಇದ್ದರು. ಮೀನುಗಾರಿಕೆ ದೋಣಿಗಳ ಎಂಜಿನ್ ರಿಪೇರಿ ಅವರ ಕಸುಬು. ಆದರೆ ಮನಸ್ಸೆಲ್ಲ ಒಂದು ಕಾರಿನ ಮೇಲೆ. ಎರಡೇ ಸೀಟಿನ, ಉದ್ದ ಮೂತಿಯ, ಕಡು ಹಸಿರು ಬಣ್ಣದ ಇಂಗ್ಲೆಂಡಿನ ಕಾರು ಅದು. ಹತ್ತು ವರ್ಷದವರಿದ್ದಾಗ ಹಂಪನಕಟ್ಟೆಯಲ್ಲಿ ಅದು ತಮ್ಮೆದುರು ಹಾದುಹೋದದ್ದನ್ನು ಅವರು ಕಂಡಿದ್ದರು. ಕಂಡದ್ದು ಹೆಚ್ಚೆಂದರೆ ನಾಲ್ಕು ಸೆಕೆಂಡು. ಆ ನಾಲ್ಕು ಸೆಕೆಂಡು ಮುಂದೆ ನಲವತ್ತು ವರ್ಷ ಅವರ ಕನಸಿನಲ್ಲಿ ಓಡುತ್ತಲೇ ಇತ್ತು.

ಕಾರು ಹೆಂಚಿನ ಕಾರ್ಖಾನೆಯ ಎಂಜಿನಿಯರ್ ಅಂಬ್ರೋಜ್ ಅವರದು. ಅವರು ತೀರಿಕೊಂಡ ಮೇಲೆ ಅದು ಜೆಪ್ಪುವಿನ ಮನೆಯ ಶೆಡ್ಡಿನಲ್ಲಿ ನಿಂತಿತು. ಸೀಟಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಕೊನೆಗೆ ಒಂದು ದಿನ ಅವರ ಹೆಂಡತಿ ಸೆವ್ರಿನ್ ಬಾಯಿ ಆಗಾಗ ಬಂದು ಅದನ್ನು ಇಣುಕಿ ನೋಡುತ್ತಿದ್ದ ಶೆಟ್ಟಿಗಾರರನ್ನು ಕರೆದು ಕೀಲಿಕೈ ಕೊಟ್ಟೇಬಿಟ್ಟರು.

"ನಂಗೆ ಬೇರೆ ಎಂತದೂ ಬೇಡ ಮಾರಾಯ. ಸರಿಯಾದ ಮೇಲೆ ಒಂದು ಸಲ ನನ್ನನ್ನು ಕೂರಿಸಿಕೊಂಡು ಬಾವುಟಗುಡ್ಡೆ ಹತ್ತಿಸು. ಅವರ ಪಕ್ಕದಲ್ಲಿ ಕೂತ ಹಾಗೆ ಒಂದು ಸಲ ಆಗಬೇಕು" ಎಂದರು.

"ಖಂಡಿತ ಬಾಯಿ" ಎಂದು ಶೆಟ್ಟಿಗಾರರು ಮಾತು ಕೊಟ್ಟರು.

ಕಾರನ್ನು ಬೋಳಾರದ ತಮ್ಮ ಶೆಡ್ಡಿಗೆ ಎಳೆಸಿಕೊಂಡು ಬಂದ ಮೇಲೆ ಶುರುವಾಯಿತು ನೋಡಿ ತಪಸ್ಸು. ಇಂಗ್ಲೆಂಡಿನ ಕಾರ್ಖಾನೆಯಿಂದ ಹೊರಬಿದ್ದ ದಿನ ಆ ಕಾರು ಹೇಗಿತ್ತೋ ಹಾಗೇ ಆಗಬೇಕು, ಒಂದು ಸ್ಕ್ರೂ ಕೂಡ ಆಚೀಚೆ ಇರಬಾರದು ಎಂಬುದು ಅವರ ಹಟ. ಸಂಜೆ ದೋಣಿಯ ಕೆಲಸ ಮುಗಿಸಿ, ಕೈ ತೊಳೆದುಕೊಂಡು, ದೇವರ ಕೋಣೆಗೆ ಹೋಗುವವರಂತೆ ಶೆಡ್ಡಿಗೆ ಹೋಗುತ್ತಿದ್ದರು. ಹಳೆಯ ಕೈಪಿಡಿಯೊಂದನ್ನು ತೆರೆದಿಟ್ಟು ಅದರ ಚಿತ್ರಗಳಿಗೆ ಕಾರನ್ನು ಹೋಲಿಸುತ್ತಿದ್ದರು. ಅಂಬ್ರೋಜ್ ಸ್ಟೀರಿಂಗಿಗೆ ಸುತ್ತಿದ್ದ ಹುರಿ ಕೈಪಿಡಿಯಲ್ಲಿ ಇರಲಿಲ್ಲ, ಆ ಸ್ಟೀರಿಂಗನ್ನೇ ತೆಗೆದು ಬೇರೆಯದನ್ನು ಕೂರಿಸಿದರು. ಬಾಯಿಯ ಮೊಣಕೈ ಒರಗಿ ಒರಗಿ ಸವೆದಿದ್ದ ಬಾಗಿಲಿನ ಚರ್ಮವನ್ನು ಕಿತ್ತು ಹೊಸದು ಹೊಲಿಸಿದರು. ಡ್ಯಾಶ್‌ಬೋರ್ಡಿನ ಮೇಲಿದ್ದ ಸಂತ ಅಂತೋನಿಯ ಪುಟ್ಟ ಪದಕವೂ ಹೋಯಿತು. ಕಳೆದುಹೋದದ್ದನ್ನೆಲ್ಲ ಹುಡುಕಿಕೊಡುವ ಸಂತನನ್ನೇ ಪುಣ್ಯಾತ್ಮರು ಹಳೆಯ ಸ್ಟೀರಿಂಗಿನ ಜೊತೆ ಮನೆಯ ಟ್ರಂಕಿಗೆ ಹಾಕಿ ಮುಚ್ಚಿದರು!

ಹೀಗೆ ಹನ್ನೊಂದು ವರ್ಷ ಕಳೆಯಿತು. ಅಷ್ಟರಲ್ಲಿ ಸೆವ್ರಿನ್ ಬಾಯಿಯ ಎರಡೂ ಕಣ್ಣುಗಳ ದೃಷ್ಟಿ ಹೋಯಿತು. ಬಾಯಿ ಹೇಳಿಕಳಿಸಿದಾಗೆಲ್ಲ ಶೆಟ್ಟಿಗಾರರದು ಒಂದೇ ಉತ್ತರ: "ಇನ್ನು ಸ್ವಲ್ಪ ಉಂಟು."

ಕೊನೆಗೆ ಉಳಿದದ್ದು ಒಂದೇ ಕೊರತೆ. ಎರಡನೇ ಗೇರಿಗೆ ಹಾಕಿದರೆ ಕಾರು ಕುಂಯ್ಯೆಂದು ರಾಗ ಎಳೆಯುತ್ತಿತ್ತು. ಏನು ಮಾಡಿದರೂ ಅದು ನಿಲ್ಲಲಿಲ್ಲ. ಮುಂದಿನ ಭಾನುವಾರ ಊರಿನಲ್ಲಿ ಹಳೆಯ ಕಾರುಗಳ ಪ್ರದರ್ಶನವಿತ್ತು. ಇಂಗ್ಲೆಂಡಿನಿಂದ ಹೊಸ ಗೇರಿನ ಪಾರ್ಸೆಲ್ ಕೂಡ ಸರಿಯಾಗಿ ಬಂದು ತಲುಪಿತ್ತು. ಅದನ್ನು ಜೋಡಿಸಿ, ಬಹುಮಾನ ಗೆದ್ದು, ಆಮೇಲೆ ಬಾಯಿಯ ಮನೆಗೆ ಹೋಗುವುದೆಂದು ಶೆಟ್ಟಿಗಾರರು ಎಣಿಸಿದ್ದರು. ಅಷ್ಟರಲ್ಲಿ ಬಾಯಿಯ ತಂಗಿ ಫೋನ್ ಮಾಡಿದರು.

"ಅಕ್ಕನಿಗೆ ಎಂಬತ್ತೆಂಟು ಆಯ್ತು. ನಿಮ್ಮ 'ಇನ್ನು ಸ್ವಲ್ಪ' ಮುಗಿಯುವಾಗ ಅವಳು ಇರ್ತಾಳಾ?"

ಆ ಮಾತು ಶೆಟ್ಟಿಗಾರರಿಗೆ ನಾಟಿತು. ಇವತ್ತೇ ಬರುತ್ತೇನೆಂದು ಹೇಳಿ, ಪಾರ್ಸೆಲ್ ಒಡೆಯದೆ ಅಂದೇ ಸಂಜೆ ಕಾರು ತೆಗೆದುಕೊಂಡು ಜೆಪ್ಪುವಿಗೆ ಹೋದರು.

ಬಾಯಿ ನೀಲಿ ಸೀರೆ ಉಟ್ಟು, ತಲೆಗೆ ಸ್ಕಾರ್ಫ್ ಕಟ್ಟಿ ಕಾಯುತ್ತಿದ್ದರು. ಕಾರಿನ ಹತ್ತಿರ ಬಂದು ಬಾಗಿಲನ್ನು ಸವರಿದರು. ಮೊಣಕೈ ಒರಗುತ್ತಿದ್ದ ಸವೆದ ಜಾಗವನ್ನು ಕೈ ಹುಡುಕಿತು. ಒಳಗೆ ಕುಳಿತು ಸ್ಟೀರಿಂಗ್ ಮುಟ್ಟಿದರು, ಹುರಿ ಇರಲಿಲ್ಲ. ಡ್ಯಾಶ್‌ಬೋರ್ಡಿನ ಉದ್ದಕ್ಕೂ ಬೆರಳಾಡಿಸಿದರು, ಸಂತನೂ ಸಿಗಲಿಲ್ಲ. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು.

"ಭಾರೀ ಚಂದ ಉಂಟು" ಎಂದರು ಮರ್ಯಾದೆಯಿಂದ. "ಯಾರ ಕಾರು ಇದು?"

ಹನ್ನೊಂದು ವರ್ಷ ತಾನು ಮಾಡಿದ್ದೇನು ಎಂಬುದು ಆ ಒಂದು ಪ್ರಶ್ನೆಯಲ್ಲಿ ಶೆಟ್ಟಿಗಾರರಿಗೆ ಅರ್ಥವಾಯಿತು. ಕೀಲಿ ತಿರುಗಿಸಿ ಕಾರು ಹೊರಡಿಸಿದರು.

ಸಂಜೆಯ ಬಿಸಿಲು ಹಣ್ಣಾಗಿತ್ತು. ಸಮುದ್ರದ ಕಡೆಯಿಂದ ಉಪ್ಪುಗಾಳಿ ಬೀಸುತ್ತಿತ್ತು. ಕಾರು ಹಂಪನಕಟ್ಟೆ ದಾಟುವಾಗ, ರಸ್ತೆಬದಿಯಲ್ಲಿ ಕಣ್ಣರಳಿಸಿ ನಿಂತಿದ್ದ ಹತ್ತು ವರ್ಷದ ತಾನೇ ಶೆಟ್ಟಿಗಾರರ ಕಣ್ಣಿಗೆ ಕಟ್ಟಿದ ಹಾಗಾಯಿತು. ಬಾಯಿ ಮಾತ್ರ ಅಪರಿಚಿತರ ಮನೆಯಲ್ಲಿ ಕುಳಿತವರಂತೆ ಬಿಗಿಯಾಗಿ ಕುಳಿತಿದ್ದರು.

ಬಾವುಟಗುಡ್ಡೆಯ ಏರು ಬಂತು. ಎರಡನೇ ಗೇರಿಗೆ ಹಾಕದೆ ವಿಧಿಯಿಲ್ಲ.

"ಒಂದು ಕೆಟ್ಟ ಶಬ್ದ ಬರ್ತದೆ ಬಾಯಿ, ಬೇಜಾರು ಮಾಡಬೇಡಿ" ಎಂದು ಮೊದಲೇ ಕ್ಷಮೆ ಕೇಳಿ ಗೇರ್ ಬದಲಿಸಿದರು.

ಕಾರು ಕುಂಯ್ಯೆಂದು ರಾಗ ಎಳೆಯಿತು.

ಸೆವ್ರಿನ್ ಬಾಯಿ ತಟ್ಟನೆ ತಲೆಯೆತ್ತಿದರು. ಮೊಣಕೈ ತಾನಾಗಿಯೇ ಬಾಗಿಲಿನ ಮೇಲೆ ಹೋಗಿ ಕುಳಿತಿತು. ಮರುಕ್ಷಣವೇ ಆ ಕುಂಯ್ ಸ್ವರದ ಜೊತೆಗೆ, ಅದಕ್ಕಿಂತ ಸ್ವಲ್ಪ ಕೆಳಗಿನ ಸ್ವರದಲ್ಲಿ ಹಾಡತೊಡಗಿದರು. ದನಿ ನಡುಗುತ್ತಿತ್ತು, ಶ್ರುತಿ ತಪ್ಪಲಿಲ್ಲ. ಶೆಟ್ಟಿಗಾರರು ಮೂರನೇ ಗೇರಿನ ಗೊಡವೆಗೇ ಹೋಗದೆ, ಗುಡ್ಡೆಯ ತುದಿಯವರೆಗೆ ಹಾಗೇ ಓಡಿಸಿದರು.

ಮೇಲೆ ನಿಲ್ಲಿಸಿದಾಗ ಬಾಯಿ ಅಳುತ್ತಲೂ ಇದ್ದರು, ನಗುತ್ತಲೂ ಇದ್ದರು.

"ಅವರು ಇಗರ್ಜಿಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಹಾಡುವವರು ಅಲ್ವಾ? ಈ ಏರು ಬಂದಾಗ ಗೇರಿನ ಶಬ್ದದಿಂದಲೇ ಸ್ವರ ಹಿಡಿದು ಹಾಡು ಶುರು ಮಾಡ್ತಿದ್ದರು. ನಂದು ಯಾವಾಗಲೂ ಕೆಳಗಿನ ಸ್ವರ" ಎಂದರು. "ಇದು ನಮ್ಮದೇ ಕಾರು ಮಾರಾಯ. ನನ್ನ ಕೈಗೆ ಗೊತ್ತಾಗಲಿಲ್ಲ ನೋಡು."

ಶೆಟ್ಟಿಗಾರರು ಹೊಸ ಗೇರಿನ ಪಾರ್ಸೆಲ್ ಬಂದ ಸುದ್ದಿಯನ್ನು ಮುಚ್ಚಿಡಲಿಲ್ಲ.

ಬಾಯಿ ಕಣ್ಣೊರೆಸಿಕೊಂಡರು. "ಹಾಕು. ನೀನು ಅಷ್ಟು ಕಷ್ಟಪಟ್ಟಿದ್ದಿ. ನಂಗೆ ಇವತ್ತು ಸಿಕ್ಕಿತು, ಸಾಕು."

ಶೆಟ್ಟಿಗಾರರು ಮನೆಗೆ ಬಂದು ಪಾರ್ಸೆಲನ್ನು ಹಾಗೆಯೇ ಅಟ್ಟಕ್ಕೆ ಹಾಕಿದರು. ಟ್ರಂಕು ತೆರೆದು ಹುರಿ ಸುತ್ತಿದ ಸ್ಟೀರಿಂಗನ್ನೂ ಸಂತ ಅಂತೋನಿಯನ್ನೂ ಹೊರತೆಗೆದು ಕಾರಿನಲ್ಲಿ ಮೊದಲಿದ್ದಲ್ಲಿಗೇ ಕೂರಿಸಿದರು. ಸವೆದ ಚರ್ಮ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಆಮೇಲೆ ನೆನಪಾಯಿತು, ಅದನ್ನು ಅವರೇ ಎಂದೋ ಎಣ್ಣೆ ಒರೆಸಲು ಬಳಸಿ ಎಸೆದಿದ್ದರು. ಆ ದುಃಖ ಅವರನ್ನು ಬಿಟ್ಟುಹೋಗಲೇ ಇಲ್ಲ.

ಭಾನುವಾರದ ಪ್ರದರ್ಶನದಲ್ಲಿ ತೀರ್ಪುಗಾರರು ಕಾರನ್ನು ಓಡಿಸಿ ನೋಡಿ ತಲೆ ಅಲ್ಲಾಡಿಸಿದರು.

"ಎಲ್ಲ ಸರಿ, ಎರಡನೇ ಗೇರ್ ಹಾಳಾಗಿದೆಯಲ್ಲ?"

"ಹಾಳಾಗಿಲ್ಲ ಸಾರ್" ಎಂದರು ಶೆಟ್ಟಿಗಾರರು. "ಅದು ಹಾಡಿಗೆ ಇಟ್ಟ ಶ್ರುತಿ."

ಬಹುಮಾನ ಬೇರೆ ಯಾರಿಗೋ ಹೋಯಿತು. ಅಂದು ಸಂಜೆ ಹಸಿರು ಕಾರು ಮತ್ತೆ ಬಾವುಟಗುಡ್ಡೆ ಹತ್ತಿತು. ಸೆವ್ರಿನ್ ಬಾಯಿ ಒಂದು ಕೈಯನ್ನು ಸಂತನ ಮೇಲಿಟ್ಟುಕೊಂಡು, ಮೊಣಕೈಯನ್ನು ಬಾಗಿಲ ಹೊಸ ಚರ್ಮದ ಮೇಲೆ ಒರಗಿಸಿ ಕುಳಿತಿದ್ದರು. ಅದೂ ಸವೆಯಲಿ ಎಂದು ಶೆಟ್ಟಿಗಾರರು ಮನಸ್ಸಿನಲ್ಲೇ ಬೇಡಿಕೊಂಡರು.

ನೀತಿ: ಹಳೆಯದನ್ನು ಹೊಸತು ಮಾಡಲು ಹೊರಡುವ ಮೊದಲು, ಅದು ಯಾರ ಕೈಯಲ್ಲಿ ಹಳೆಯದಾಯಿತು ಎಂದು ಕೇಳಿಕೊಳ್ಳಿ. ನಾವು ಕೊರತೆಯೆಂದು ಉಜ್ಜಿ ತೆಗೆಯುವುದು ಇನ್ನೊಬ್ಬರಿಗೆ ಉಳಿದಿರುವ ಕೊನೆಯ ಗುರುತಾಗಿರಬಹುದು. ಮತ್ತೆ, ಕೊಟ್ಟ ಮಾತನ್ನು "ಇನ್ನು ಸ್ವಲ್ಪ" ಎಂದು ಮುಂದೂಡಬೇಡಿ.