ಕುಂಬಾರಗಿತ್ತಿಯ ಗುಂಡಿ ಕೊಟ್ಟು ಕೊಂಡ ಶಾಂತಿ

"ಗುರುಗಳೇ, ನೆರೆಯ ದೊರೆ ನಮ್ಮ ಗಡಿಯ ಹಳ್ಳಿಯೊಂದನ್ನು ಕೇಳುತ್ತಿದ್ದಾನೆ. ಕೊಟ್ಟರೆ ಯುದ್ಧ ತಪ್ಪುತ್ತದೆ ಎಂದು ಕೆಲವರು, ಕೊಟ್ಟರೆ ನಾಳೆ ಇನ್ನೊಂದು ಕೇಳುತ್ತಾನೆ ಎಂದು ಕೆಲವರು. ಎರಡು ಕಡೆಯವರೂ ಹಿಂದಿನ ಕಾಲವನ್ನೇ ಸಾಕ್ಷಿಗೆ ಕರೆಯುತ್ತಾರೆ. ಯಾರನ್ನು ನಂಬಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದೂರಿಗೆ ಪಾಳೆಯಗಾರನ ಸವಾರರು ಬಂದರು. ಕುದುರೆ ಕಟ್ಟಲು ಕೆರೆಯಂಗಳದ ಒಂದು ಮೂಲೆ ಬಿಟ್ಟುಕೊಡಿ, ಇಲ್ಲವಾದರೆ ಊರಿಗೆ ಬೆಂಕಿ ಇಡುತ್ತೇವೆ ಎಂದರು. ಆ ಮೂಲೆಯಲ್ಲಿ ಒಬ್ಬ ಕುಂಬಾರಗಿತ್ತಿ ಮಣ್ಣು ತೆಗೆಯುವ ಗುಂಡಿಯಿತ್ತು. ಮಡಕೆಗೆ ಒಗ್ಗುವ ಮಣ್ಣು ಊರಿನಲ್ಲಿ ಬೇರೆಲ್ಲೂ ಇರಲಿಲ್ಲ. ಗುಂಡಿ ಹೋದರೆ ಮಡಕೆ ತಿರುಗಿಸುವ ಅವಳ ತಿಗರಿ ನಿಲ್ಲುತ್ತದೆ, ತಿಗರಿ ನಿಂತರೆ ಒಲೆ ಆರುತ್ತದೆ.

ಹಿರಿಯರು ಕಟ್ಟೆಯ ಮೇಲೆ ಸೇರಿದರು. ಹೊಲವಿದ್ದವರಿಗೆ ಮಾತ್ರ ಕಟ್ಟೆ ಹತ್ತುವ ಹಕ್ಕು. ಕುಂಬಾರಗಿತ್ತಿಯನ್ನು ಯಾರೂ ಕರೆಯಲಿಲ್ಲ. ಕಟ್ಟೆಯ ಪಕ್ಕದಲ್ಲಿ ಒಂದು ವೀರಗಲ್ಲಿತ್ತು, ದನಗಳ್ಳರೊಡನೆ ಹೋರಾಡಿ ಸತ್ತವನದು. ಊರ ಗೌಡ ಅದನ್ನು ತೋರಿಸಿ, ಅಂದು ಹೊಡೆದಾಡಿದ್ದಕ್ಕೇ ಊರು ಸುಟ್ಟುಹೋಯಿತು ಎಂದ. ಶಾನುಭೋಗ ಅದೇ ಕಲ್ಲನ್ನು ತೋರಿಸಿ, ಅಂದು ಹೊಡೆದಾಡಿದ್ದಕ್ಕೇ ಊರು ಉಳಿಯಿತು ಎಂದ. ಒಬ್ಬ ಕಲ್ಲಿನಲ್ಲಿ ಹೆಣ ಕಂಡ, ಇನ್ನೊಬ್ಬ ವೀರನನ್ನು ಕಂಡ. ಊಟದ ಹೊತ್ತು ಮೀರಿತು. ಆ ಮೂಲೆ ತನ್ನ ಹೊಲದ ಕಡೆಗಿಲ್ಲ ಎಂದು ತಿಳಿದ ಮೇಲೆ ಶಾನುಭೋಗನೂ ತಣ್ಣಗಾದ. ಕೊಟ್ಟುಬಿಡೋಣ ಎಂದು ತೀರ್ಮಾನವಾಯಿತು.

ಸುದ್ದಿ ತಿಳಿದು ಕುಂಬಾರಗಿತ್ತಿ ಕಟ್ಟೆಯ ಕೆಳಗೆ ಬಂದು ನಿಂತಳು.

"ನೋಡವ್ವ, ಹಿಂದಿನದನ್ನೆಲ್ಲ ತೂಗಿ ನೋಡಿದ್ದೇವೆ. ಯುದ್ಧ ತಪ್ಪಿತು" ಎಂದ ಗೌಡ.

"ತಪ್ಪಿದ್ದು ನಿಮಗೆ ಗೌಡರೇ" ಎಂದು ಅವಳು ನೆಟ್ಟಗೆ ಕೆರೆಯಂಗಳಕ್ಕೆ ನಡೆದಳು. ಗುದ್ದಲಿ ಹಿಡಿದು ಗುಂಡಿಗೆ ಇಳಿದು ನಿಂತಳು. ಸವಾರರ ನಾಯಕ ಬಂದಾಗ, ಮಾತಾಡುವುದಿದ್ದರೆ ನನ್ನೊಡನೆ ಆಡು ಎಂದಳು. ಕುದುರೆಗಳಿಗೆ ನೀರಿನ ಬಾನಿ ಬೇಕಾದರೆ ಮಾಡಿಕೊಡುತ್ತೇನೆ, ಬದಲಿಗೆ ಜೋಳ ಅಳೆದು ಕೊಡು, ಗುಂಡಿ ಮಾತ್ರ ಬಿಡುವುದಿಲ್ಲ ಎಂದಳು.

"ನಿಮ್ಮೂರವರೇ ಕೊಟ್ಟಾಗಿದೆಯಲ್ಲ" ಎಂದು ನಾಯಕ ನಕ್ಕ.

"ಹಾಗಾದರೆ ಕೊಟ್ಟವರ ಹೊಲದಲ್ಲಿ ಕಟ್ಟಿಕೋ. ಇಲ್ಲೇ ಕಟ್ಟುವುದಾದರೆ ಮೊದಲು ನನ್ನನ್ನು ಹೂಳು. ಗುಂಡಿ ತೋಡಿಯೇ ಇದೆ."

ನಾಯಕ ಅವಳ ಮುಖ ನೋಡಿದ, ಗುದ್ದಲಿ ನೋಡಿದ. ಬಾನಿಗಳಿಗೆ ಜೋಳ ಅಳೆಸಿದ. ಕುದುರೆಗಳನ್ನು ಗೌಡನ ರಾಗಿ ಹೊಲಕ್ಕೆ ಹೊಡೆಸಿದ. ಕೇಳಿದ ಕೂಡಲೇ ಕೊಡುವವರು ಯಾರೆಂದು ಅವನಿಗೆ ಗೊತ್ತಾಗಿತ್ತು. ಗೌಡ ದೊಣ್ಣೆ ಹಿಡಿದು ಓಡಿ ಬಂದ. ಆಗ ಅವನಿಗೆ ಹಿಂದಿನ ಕಾಲದ ಯಾವ ಮಾತೂ ನೆನಪಾಗಲಿಲ್ಲ.

ಗುರುಗಳು ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಹಾಗಾದರೆ ಗಡಿಯ ಹಳ್ಳಿಯನ್ನು ಕೊಡಬೇಕೋ, ಬೇಡವೋ? ಅದನ್ನು ಹೇಳಿ" ಎಂದ.

"ನನ್ನನ್ನು ಕೇಳಲು ಇಷ್ಟು ದೂರ ನಡೆದು ಬಂದೆಯಲ್ಲ, ಆ ಹಳ್ಳಿಯವರನ್ನು ಯಾರಾದರೂ ಕೇಳಿದಿರಾ?" ಎಂದರು ಗುರುಗಳು.