ಹುಲಿಯ ಮಂತ್ರಿಯಾದ ಮುಸುವ

ಹುಲಿ ಕಂಡರೆ ಮರದ ತುದಿಯಿಂದ ಕೂಗಿ ಎಚ್ಚರಿಸುತ್ತಿದ್ದ ಕರಿಮೊಗದ ಮುಸುವನೆಂದರೆ ಜಿಂಕೆಗಳಿಗೆ ಪ್ರಾಣ. ಅವನನ್ನೇ ಹುಲಿರಾಯ ಮಂತ್ರಿ ಮಾಡಿಕೊಂಡ. "ಒಳಗಿದ್ದೇ ಅವನಿಗೆ ಮೂಗುದಾರ ಹಾಕುತ್ತೇನೆ" ಎಂದು ಜಿಂಕೆಗಳಿಗೆ ಮಾತು ಕೊಟ್ಟು ಮುಸುವ ಮರ ಇಳಿದ.

"ಬೇಟೆಯ ಹೊತ್ತಿನಲ್ಲಿ ಮಂತ್ರಿಗಳು ಕೂಗುವಂತಿಲ್ಲ" ಎಂದ ಹುಲಿರಾಯ. ಮುಸುವ ಬಾಯಿ ಮುಚ್ಚಿಕೊಂಡ. ಮೊದಲು ಒಂದು ಮರಿ ಹೋಯಿತು, ಆಮೇಲೆ ಅದರ ತಾಯಿ. ನಾನಿಲ್ಲದಿದ್ದರೆ ಇನ್ನೂ ಹೆಚ್ಚು ಹೋಗುತ್ತಿದ್ದವು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಒಂದು ಸಂಜೆ ಹಿಂಡು ಹೊಳೆಯಲ್ಲಿ ನೀರು ಕುಡಿಯುತ್ತಿತ್ತು. ಹುಲಿರಾಯ ಹುಲ್ಲಿನಲ್ಲಿ ಮೈ ತಗ್ಗಿಸಿದ. ಮುಸುವನಿಗೆ ತಡೆಯಲಾಗಲಿಲ್ಲ, ಗಂಟಲು ಹರಿಯುವಂತೆ ಕೂಗಿದ.

"ನಮ್ಮನ್ನು ಹುಲಿಯ ಕಡೆಗೇ ಓಡಿಸುವ ಹುನ್ನಾರ, ಕದಲಬೇಡಿ" ಎಂದಿತು ಮುದಿ ಜಿಂಕೆ. ಒಂದೂ ಕದಲಲಿಲ್ಲ.

ಊಟ ಮುಗಿಸಿದ ಹುಲಿರಾಯ ಮೀಸೆ ನೆಕ್ಕಿಕೊಂಡ. "ಅವು ನಿನ್ನ ಮಾತು ಕೇಳುತ್ತಿದ್ದವು ಅಂತಲೇ ನಿನ್ನನ್ನು ಕರೆದದ್ದು. ಇನ್ನು ನೀನು ಮರ ಹತ್ತಬಹುದು."