ಕವರು ಬಿಚ್ಚದ ಕ್ಯಾಮೆರಾ

ನಿವೃತ್ತಿ ಹತ್ತಿರವಾದಂತೆ ಪದ್ಮರಾಜಯ್ಯನವರಿಗೆ ಫೋಟೊ ತೆಗೆಯುವ ಹಳೆಯ ಹುಚ್ಚು ಮತ್ತೆ ಹತ್ತಿತು. ಹೊಸ ಕ್ಯಾಮೆರಾ ತಂದರು. ಆಯುಧಪೂಜೆಯ ದಿನ ಪ್ಲಾಸ್ಟಿಕ್ ಕವರಿನ ಮೇಲೆಯೇ ಕುಂಕುಮವಿಟ್ಟು, ಕಿಟಕಿ ಪಕ್ಕದ ಶೋಕೇಸಿನಲ್ಲಿ ಭದ್ರವಾಗಿಟ್ಟರು.

ಬಾಲ್ಕನಿಯ ದಾಸವಾಳದಲ್ಲಿ ಗೂಡು ಕಟ್ಟಿದ್ದ ಸೂರಕ್ಕಿ ಕಿಟಕಿಗೆ ಬಂದು ಕೂಗಿತು: "ಅಯ್ಯಾ ಕ್ಯಾಮೆರಾ, ನನ್ನ ಮರಿಗಳು ಕಣ್ಣು ಬಿಟ್ಟಿವೆ. ಒಂದು ಚಿತ್ರ ತೆಗೆಯಬಾರದೇ?"

"ಕವರು ಬಿಚ್ಚಿದರೆ ಧೂಳು ಕೂರುತ್ತದೆ. ಯಜಮಾನರು ರಿಟೈರಾಗಲಿ," ಎಂದಿತು ಕ್ಯಾಮೆರಾ.

ಕೆಲವು ದಿನ ಬಿಟ್ಟು ಸೂರಕ್ಕಿ ಮತ್ತೆ ಬಂತು. "ಮರಿಗಳಿಗೆ ರೆಕ್ಕೆ ಬಲಿತಿದೆ, ಬೇಗ!"

"ದೂರದ ಹಕ್ಕಿಯ ಚಿತ್ರ ತೆಗೆಯುವ ದೊಡ್ಡ ಲೆನ್ಸ್ ಬರಬೇಕಂತೆ."

"ಗೂಡು ಕೈಗೆಟುಕುವಷ್ಟು ಹತ್ತಿರ ಇದೆಯಲ್ಲೋ ಮಹರಾಯ! ನಿನ್ನನ್ನು ತಂದದ್ದು ಚಿತ್ರ ತೆಗೆಯಲಿಕ್ಕೋ, ಧೂಳು ಕೂರದ ಹಾಗೆ ಕಾಯಲಿಕ್ಕೋ?"

"ಅದನ್ನು ಯಜಮಾನರು ಇನ್ನೂ ಹೇಳಿಲ್ಲ."

ಸೂರಕ್ಕಿ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಮರಿಗಳನ್ನು ಕರೆದುಕೊಂಡು ಹಾರಿಹೋಯಿತು.

ಅದೇ ಸಂಜೆ ಲೆನ್ಸ್ ಬಂತು. ಪದ್ಮರಾಜಯ್ಯನವರು ಉತ್ಸಾಹದಿಂದ ಬಾಲ್ಕನಿಗೆ ಹೋಗಿ ನೋಡಿದರೆ ಗೂಡು ಖಾಲಿ.

"ಈ ಹಕ್ಕಿಗಳಿಗೆ ಒಂದಿಷ್ಟೂ ತಾಳ್ಮೆ ಇಲ್ಲ," ಎಂದು ಗೊಣಗಿದರು. ಆಮೇಲೆ ಲೆನ್ಸಿನ ಕವರಿಗೂ ಕುಂಕುಮವಿಟ್ಟು, ಕ್ಯಾಮೆರಾದ ಪಕ್ಕದಲ್ಲೇ ಇಟ್ಟು, ಶೋಕೇಸಿಗೆ ಬೀಗ ಹಾಕಿದರು.